ಪಾಚಿ ಕೊಳಕ್ಕೆ ವಾಸನೆ ಇಲ್ಲ

ಫೆಬ್ರವರಿ 4

ಪುಟ್ಟಾ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೇ ಬೀಳುತ್ತೇವೆ ಎಂದು ನಿನ್ನ ಭಾವ ಹೇಳುವುದರಲ್ಲಿ ತಪ್ಪೇನಿಲ್ಲ. ಇಲ್ಲಿ ಪಂಪಿನ ಸದ್ದು, ಅಲ್ಲಿ ನಿನ್ನ ಅವಸರ. ಕಾಗದದಲ್ಲಾದರೆ ನಾನು ಹೇಳುವುದನ್ನು ನೀನು ಕೊನೆಯವರೆಗೂ ಕೇಳಲೇಬೇಕು. ಹೇಗೂ ನಿನ್ನ ಸಂಶೋಧನಾ ಸಂಸ್ಥೆಯವರಿಗೆ ಇಲ್ಲಿ ಕೆಲಸ ಮಾಡುವವರ ಕೈಬರಹದ ಮಾತು ಬೇಕಂತಲ್ಲ, ಇದನ್ನೇ ಇಟ್ಟುಕೋ. ಬೈದಿರುವ ಸಾಲುಗಳನ್ನು ಮಾತ್ರ ಕತ್ತರಿಸಿಬಿಡು.

ಜ್ವರ ಬಿಟ್ಟಿದೆ. ಮೈ ಇನ್ನೂ ಸೋತ ಹಾಗೇ ಇದೆ. ಮೆಟ್ಟಿಲು ಹತ್ತಿ ಟ್ಯಾಂಕಿನ ಮೇಲೆ ಹೋದರೆ ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಲ್ಲಬೇಕು. ನಾನು ಮಲಗಿದ್ದಾಗ ಮೀಸೆಯೇ ಎಲ್ಲ ನೋಡಿಕೊಂಡ. ನಿನಗೆ ಅವನು ಗೊತ್ತಿಲ್ಲ. ನಮ್ಮ ಪಂಪ್ ನೋಡಿಕೊಳ್ಳುವವನು. ಅವನ ಮುಖಕ್ಕಿಂತ ಮೀಸೆಯೇ ದೊಡ್ಡದು, ಹಾಗಾಗಿ ಅಸಲಿ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ.

ನೀನು ಹೇಳಿದಂತೆಯೇ ಎಲ್ಲ ನಡೆಯುತ್ತಿದೆ. ಊರ ಕೊಳಚೆ ಗಾಳಿಯಾಡದ ಮುಚ್ಚಿದ ಟ್ಯಾಂಕಿನಲ್ಲಿ ಕೊಳೆಯುತ್ತದೆ, ಗ್ಯಾಸ್ ಏಳುತ್ತದೆ, ಗ್ಯಾಸು ಪಕ್ಕದ ಲಾಂಡ್ರಿಯ ಬಾಯ್ಲರಿಗೆ ಹೋಗಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಕುದಿಸುತ್ತದೆ. ಅಲ್ಲಿಯವರೆಗೆ ಹಳೆಯ ಕಥೆ. ಟ್ಯಾಂಕಿನಿಂದ ಬಂದ ನೀರು ಈಗ ನೇರವಾಗಿ ಹಳ್ಳಕ್ಕೆ ಹೋಗದೆ ನಿನ್ನ ಪಾಚಿ ಕೊಳಗಳಿಗೆ ಬೀಳುತ್ತದೆ. ನೀರಿನಲ್ಲಿ ಉಳಿದದ್ದನ್ನೆಲ್ಲ ಪಾಚಿ ತಿಂದು ಕೊಬ್ಬುತ್ತದೆ. ಕೆನೆ ತೆಗೆದ ಹಾಗೆ ಅದನ್ನು ತೆಗೆದು, ಬಿಸಿ ಮಾಡಿ, ಮತ್ತೆ ಟ್ಯಾಂಕಿಗೇ ಹಾಕುತ್ತೇವೆ. ಹೊಲಸು ತಿಂದು ಬೆಳೆದದ್ದನ್ನು ಮತ್ತೆ ಹೊಲಸಿಗೇ ಉಣಿಸಿ ಗ್ಯಾಸ್ ಹೆಚ್ಚಿಸುವ ನಿನ್ನ ಉಪಾಯ ಕಂಡು ಲಾಂಡ್ರಿಯ ಹೆಂಗಸರು, "ನಿಮ್ಮ ತಮ್ಮ ಮನೇಲೂ ಹೀಗೇನಾ, ಏನೂ ಬಿಸಾಡಲ್ವಾ?" ಎಂದು ಕೇಳಿದರು. ಅವನ ಹಳೆಯ ಚಪ್ಪಲಿ ನೋಡಿದ್ದರೆ ಕೇಳುತ್ತಿರಲಿಲ್ಲ ಎಂದೆ.

ಗ್ಯಾಸಿನ ಕೊಳೆತ ಮೊಟ್ಟೆಯ ವಾಸನೆ ಹೇಗಿದೆ ಎಂದು ಮೂರು ಸಲ ಕೇಳಿದ್ದೀಯ. ಈಗ ಹೇಳುತ್ತೇನೆ. ನೀನು ಹೇಳಿದ ಹಾಗೆ, ವಾಸನೆ ಹಿಡಿಯಲು ಕಬ್ಬಿಣದ ಪುಡಿ ತುಂಬಿಟ್ಟಿದ್ದ ಹಳೆಯ ಡ್ರಮ್ಮನ್ನು ಬಿಚ್ಚಿಟ್ಟು, ಗ್ಯಾಸನ್ನು ಪಾಚಿ ನೀರಿನೊಳಗೆ ಹಾಯಿಸಿ ಬಿಡುತ್ತಿದ್ದೇವೆ. ಜ್ವರ ಬರುವ ಮೊದಲೇ ವಾಸನೆ ಅರ್ಧಕ್ಕೆ ಇಳಿದಿತ್ತು. ಈಗ ಹಿಂದಿರುಗಿ ಬಂದು ನೋಡಿದರೆ ಏನೂ ಇಲ್ಲ. ಇಷ್ಟು ವರ್ಷ ಸೀರೆಗೆ, ಕೂದಲಿಗೆ, ಬುತ್ತಿಗೆ ಅಂಟಿಕೊಂಡಿದ್ದ ವಾಸನೆ ಹೇಳದೆ ಕೇಳದೆ ಹೊರಟುಹೋಗಿದೆ. ನನಗೆ ಖುಷಿಯಾಯಿತು ಕಣೋ. ಸುಸ್ತಿನ ನಡುವೆಯೂ ಆಯಿತು.

ಅಕ್ಕ

ಫೆಬ್ರವರಿ 15

ಅಕ್ಕಾ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ಚಪ್ಪಲಿಯ ಸಾಲು ಕತ್ತರಿಸಿದ್ದೇನೆ.

ನಿನ್ನ ಹತ್ತಿರ ಮುಚ್ಚುಮರೆ ಯಾಕೆ, ಇಲ್ಲಿ ನನ್ನ ಪರಿಸ್ಥಿತಿ ಅಷ್ಟಕ್ಕಷ್ಟೇ. ಪಾಚಿ ಉಣಿಸಿದ ಮೇಲೆ ಗ್ಯಾಸ್ ಹೆಚ್ಚಿದೆ, ಆದರೆ ಯಾರೂ ಎದ್ದು ಕುಣಿಯುವಷ್ಟಲ್ಲ. ಪಾಚಿಯ ಹೊರಚಿಪ್ಪು ಬಲು ಗಟ್ಟಿ, ಟ್ಯಾಂಕಿನ ಸೂಕ್ಷ್ಮಜೀವಿಗಳಿಗೆ ಅದನ್ನು ಒಡೆಯಲು ಆಗುತ್ತಿಲ್ಲ. ನಮ್ಮ ಮುಖ್ಯಸ್ಥರು ಸಭೆಯಲ್ಲಿ ನನ್ನ ಲೆಕ್ಕಗಳನ್ನು ನೋಡಿ ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ಯಾರದೋ ಕೆಲಸ ಹೋಗುತ್ತದೆ ಎಂದೇ ಇಲ್ಲಿ ಲೆಕ್ಕ. ಆಗ ನಿನ್ನ ಸಾಲುಗಳನ್ನು ಗಟ್ಟಿಯಾಗಿ ಓದಿದೆ. "ಹೇಳದೆ ಕೇಳದೆ ಹೊರಟುಹೋಗಿದೆ" ಎನ್ನುವಲ್ಲಿ ಅವರು ಕನ್ನಡಕ ಹಾಕಿಕೊಂಡರು.

ಸಂಗತಿ ಏನೆಂದರೆ, ಇನ್ನೊಂದು ಊರಿನಲ್ಲಿ ಶಾಲೆಯ ಗೋಡೆಗೆ ಅಂಟಿದಂತೆ ಇಂಥದ್ದೇ ಘಟಕ ಕಟ್ಟುತ್ತಿದ್ದಾರೆ. ಅವರಿಗೆ ಗ್ಯಾಸ್ ಎಷ್ಟು ಬರುತ್ತದೆ ಎಂಬುದು ಎರಡನೆಯ ಮಾತು, ವಾಸನೆ ಬರಬಾರದು ಎಂಬುದೇ ಮೊದಲನೆಯದು. ನಮ್ಮ ಪಾಚಿ ಅಲ್ಲಿಗೆ ಹೋದರೆ ನನ್ನ ಕೆಲಸ ಇನ್ನಷ್ಟು ವರ್ಷ ಉಳಿಯುತ್ತದೆ. ಗ್ಯಾಸಿನಲ್ಲಿ ಆ ಕೊಳೆತ ಮೊಟ್ಟೆ ವಾಸನೆಯ ವಿಷ ಎಷ್ಟಿದೆ ಎಂದು ಅಳೆಯಲು ನಾನೇ ಉಪಕರಣ ಹೊತ್ತುಕೊಂಡು ಬರಬೇಕಿತ್ತು. ರಜೆಯೂ ಇಲ್ಲ, ಉಪಕರಣವೂ ಖಾಲಿ ಇಲ್ಲ. ಗ್ಯಾಸ್ ಎಲ್ಲಿ ಸೋರಿದರೂ ಹಿಡಿಯುವ ನಿನ್ನ ಮೂಗು ಊರಿಗೆಲ್ಲ ಗೊತ್ತಲ್ಲ, ಸದ್ಯಕ್ಕೆ ಅದೇ ಸಾಕು ಎಂದಿದ್ದಾರೆ ಮುಖ್ಯಸ್ಥರು.

ಹೊಸ ತಳಿಯ ಪಾಚಿ ಒಂದು ಜಾಡಿ ಕಳಿಸುತ್ತಿದ್ದೇನೆ. ಚಿಪ್ಪು ತೆಳುವಾದದ್ದು. ಕೊಳಕ್ಕೆ ಸುರಿದುಬಿಡು.

ನಿನ್ನ ತಮ್ಮ

ಮಾರ್ಚ್ 6

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಕಳಿಸಿದ್ದು ತಪ್ಪು ಜಾಡಿ. ಒಳ್ಳೆಯದು ಇಲ್ಲೇ ಕಪಾಟಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದೆ. ನೀನಿರುವಲ್ಲಿಗೆ ಬಂದದ್ದು ಸತ್ತ ಪಾಚಿ. ಮುಚ್ಚಳ ಬಿಗಿದು ತಿಂಗಳುಗಟ್ಟಲೆ ಬಿಟ್ಟದ್ದು. ಹೋದ ವರ್ಷ ಇಲ್ಲಿ ಇಂಥದ್ದೇ ಒಂದು ಒಡೆದು ಇಡೀ ಮಹಡಿಯ ಜನ ಮೂಗು ಮುಚ್ಚಿಕೊಂಡು ಬೀದಿಗೆ ಓಡಿದ್ದರು, ಒಬ್ಬರು ವಾಂತಿ ಮಾಡಿಕೊಂಡರು. ದಯವಿಟ್ಟು ತೆರೆಯಬೇಡ. ಮನೆಯೊಳಗಂತೂ ಬೇಡವೇ ಬೇಡ. ಹಾಗೇ ಮಣ್ಣಿನಲ್ಲಿ ಹೂತುಬಿಡು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ತಮ್ಮ

ಮಾರ್ಚ್ 7

ಪುಟ್ಟಾ,

ಜಾಡಿ ಬಂತು. ದಾರಿಯಲ್ಲಿ ಅಲುಗಾಡಿ ಸೋರಿದೆಯೋ ಏನೋ ಎಂದು ಅಡುಗೆಮನೆಯ ಮೇಜಿನ ಮೇಲೇ ತೆರೆದು ನೋಡಿದೆ. ಚೆನ್ನಾಗಿದೆ, ಸ್ವಲ್ಪ ಕಪ್ಪು ಹಸಿರು. ನಿನ್ನ ಭಾವ ಊಟಕ್ಕೆ ಕೂತಿದ್ದವರು ಇದ್ದಕ್ಕಿದ್ದಂತೆ ತಟ್ಟೆ ಬಿಟ್ಟು ಎದ್ದು ಅಂಗಳಕ್ಕೆ ಹೋದರು. ಕೇಳಿದರೆ, "ನಿನ್ನ ಕೆಲಸವನ್ನ ಊಟದ ಮೇಜಿಗೂ ತರ್ತೀಯಲ್ಲ, ನಿನಗೆ ಏನೂ ಅನ್ಸಲ್ವಾ?" ಎಂದರು. ಬಸ್ಸು ಓಡಿಸುವ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಮೊನ್ನೆ ಹಾಲು ತಳ ಹಿಡಿದದ್ದಕ್ಕೂ ಇಷ್ಟೇ ರಂಪ. ನಾನು ಪಕ್ಕದಲ್ಲೇ ನಿಂತಿದ್ದೆನಂತೆ. ನಿಂತಿದ್ದರೇನು, ದಣಿದ ಮನುಷ್ಯ ನಿಂತಲ್ಲೇ ನಿದ್ದೆ ಮಾಡುತ್ತಾನೆ.

ಜಾಡಿಯನ್ನು ಕೊಳಕ್ಕೆ ಸುರಿದೆ. ಮೀಸೆ ದೂರದಿಂದಲೇ ಕೂಗಿದ, "ಅಕ್ಕಾ, ಏನ್ ಸುರೀತಿದ್ದೀರಿ, ಹೆಣ ನಾರಿದ ಹಾಗೆ ನಾರ್ತಿದೆ!" ನಾನು ಬಿಡುತ್ತೇನೆಯೇ, "ಅದು ನಿನ್ನ ಮೀಸೆ ಕಣೋ, ಸೋಪು ಹಾಕಿ ತೊಳಿ" ಎಂದೆ. ಲಾಂಡ್ರಿಯ ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ. ಇತ್ತೀಚೆಗೆ ಅವನು ಟ್ಯಾಂಕಿನ ಹತ್ತಿರವೂ ವಾಸನೆ, ವಾಸನೆ ಎನ್ನುತ್ತಿರುತ್ತಾನೆ. ನಾನು ಇಲ್ಲ ಎಂದರೆ, "ನೀವು ಇಲ್ಲ ಅಂದ್ಮೇಲೆ ಇಲ್ಲ ಬಿಡಿ" ಎಂದು ಸುಮ್ಮನಾಗುತ್ತಾನೆ. ಒಳ್ಳೆಯ ಹುಡುಗ. ಹುಡುಗನೇನಲ್ಲ, ಮೂವರು ಮಕ್ಕಳ ತಂದೆ, ಆದರೂ ನನಗೆ ಹುಡುಗನೇ.

ಅಕ್ಕ

ಏಪ್ರಿಲ್ 3

ಅಕ್ಕಾ,

ಬರೆಯಲು ತಡವಾಯಿತು. ಕೆಲಸ ಬಹಳ.

ಶಾಲೆಯ ಪಕ್ಕದ ಘಟಕಕ್ಕೆ ಒಪ್ಪಿಗೆ ಸಿಕ್ಕಿತು. ಪಾಚಿಯೇ ವಾಸನೆ ತೆಗೆಯುವುದರಿಂದ ಅಲ್ಲಿ ಕಬ್ಬಿಣದ ಪುಡಿಯ ಡ್ರಮ್ಮು ಬೇಡವೇ ಬೇಡ ಎಂದು ತೀರ್ಮಾನಿಸಿದ್ದಾರೆ. ಖರ್ಚೂ ಉಳಿಯಿತು, ಜಾಗವೂ ಉಳಿಯಿತು ಎಂದು ಮುಖ್ಯಸ್ಥರು ನನ್ನ ಬೆನ್ನು ತಟ್ಟಿದರು. ನನಗೆ ಯಾಕೋ ಉತ್ಸಾಹವೇ ಇಲ್ಲ. ನಿದ್ದೆ ಸರಿಯಾಗಿ ಬರುತ್ತಿಲ್ಲ.

ಜ್ವರ ಬಿಟ್ಟ ಮೇಲೆ ನಿನ್ನ ಆರೋಗ್ಯ ಹೇಗಿದೆ? ನೆಗಡಿ, ತಲೆಭಾರ ಏನಾದರೂ ಇದೆಯೇ? ಊಟ ರುಚಿಸುತ್ತಿದೆಯೇ? ಸುಮ್ಮನೆ ಕೇಳಿದೆ.

ತಮ್ಮ

ಏಪ್ರಿಲ್ 12

ತಮ್ಮಾ,

ನನಗೆ ನೆಗಡಿಯಿಲ್ಲ. ಊಟ ಮಾಡುತ್ತಿದ್ದೇನೆ. ನೀನು ಹುಟ್ಟಿದಾಗಿನಿಂದ ನನ್ನ ಊಟದ ವಿಚಾರ ಕೇಳಿದವನಲ್ಲ, ಈಗ ಸುಮ್ಮನೆ ಕೇಳಿದೆಯಂತೆ.

ಜಾಡಿಯ ಬಗ್ಗೆ ನೀನು ಬರೆದ ಕಾಗದ ನಾನು ಸುರಿದ ಮೇಲೆ ಬಂತು. ಓದಿದೆ. ನಿನಗೇ ಏನೋ ಗೊಂದಲವಾಗಿರಬೇಕು. ಹಾಗೇನೂ ಇರಲಿಲ್ಲ.

ನಿನಗೆ ಒಪ್ಪಿಗೆ ಸಿಕ್ಕಿದ್ದು ಸಂತೋಷ. ಅಮ್ಮ ಹೋದ ಮೇಲೆ ನೀನು ಒಂದು ಕಡೆ ನೆಲೆ ನಿಲ್ಲಲಿ ಎಂಬುದೊಂದೇ ನನಗಿದ್ದದ್ದು. ವರ್ಷಕ್ಕೊಂದು ಸಲ ಕೆಲಸ ಮುಗಿಯುತ್ತದೋ ಮುಂದುವರಿಯುತ್ತದೋ ಎಂದು ನೀನು ಉಗುರು ಕಚ್ಚುವುದನ್ನು ನೋಡಿ ಸಾಕಾಗಿದೆ. ಈಗ ಎಲ್ಲ ಸರಿಯಾಗಿದೆಯಲ್ಲ, ಸರಿಯಾಗಿಯೇ ಇರಲಿ. ಇಲ್ಲಿ ವಾಸನೆ ಇಲ್ಲ. ಹಿಂದೆ ಬರೆದದ್ದೇ ಈಗಲೂ.

ಅಕ್ಕ

ಮೇ 20

ಅಕ್ಕಾ,

ನೀನು ಬರೆಯದೆ ತಿಂಗಳಾಯಿತು. ನಾನೂ ಬರೆದಿಲ್ಲ. ಫೋನು ಮಾಡಿದರೆ ಭಾವನೇ ಎತ್ತಿ, ಅವಳು ಟ್ಯಾಂಕಿನ ಹತ್ತಿರ ಇದ್ದಾಳೆ ಎನ್ನುತ್ತಾರೆ. ಅವರೂ ಏನನ್ನೋ ಹೇಳಲು ಹೋಗಿ ನುಂಗಿದ ಹಾಗೆ ಅನ್ನಿಸಿತು.

ನಿಮ್ಮ ಕಡೆ ಬಹಳ ದಿನದಿಂದ ಮೋಡ ಕವಿದಿದೆಯಂತೆ. ಬಿಸಿಲಿಲ್ಲದಿದ್ದರೆ ಪಾಚಿ ಮಂಕಾಗುತ್ತದೆ, ಕೊಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಗ್ಯಾಸು ತೊಳೆಯುವ ಶಕ್ತಿ ಅದಕ್ಕಿರುವುದಿಲ್ಲ. ಹಳೆಯ ಡ್ರಮ್ಮನ್ನು ಸದ್ಯಕ್ಕೆ ಮತ್ತೆ ಜೋಡಿಸಿಬಿಡು. ಯಾಕೆ ಎಂದು ಕೇಳಬೇಡ. ಮುಂಜಾಗ್ರತೆ ಅಂದುಕೋ.

ತಮ್ಮ

ಮೇ 24

ತಮ್ಮಾ,

ನಿನ್ನ ಕಾಗದ ಇವತ್ತು ಬಂತು. ಮೀಸೆ ನಿನ್ನೆ ಬಿದ್ದ.

ಟ್ಯಾಂಕಿನಿಂದ ಕೊಳಕ್ಕೆ ನೀರು ಹೋಗುವ ಗುಂಡಿ ಪಾಚಿಯ ಕೆನೆ ಕಟ್ಟಿ ಮುಚ್ಚಿಕೊಂಡಿತ್ತು. ಇಳಿದು ತೆಗೆಯಬೇಕು. ಗ್ಯಾಸ್ ಅಳೆಯುವ ಕೈಮೀಟರ್ ಕೆಟ್ಟು ರಿಪೇರಿಗೆ ಹೋದದ್ದು ವಾಪಸ್ ಬಂದಿಲ್ಲ, ಅಕ್ಕ ಇದ್ದಾರಲ್ಲ ಎಂದು ಯಾರೂ ಅದನ್ನು ವಿಚಾರಿಸಿಯೂ ಇಲ್ಲ. ಅವನು ಗುಂಡಿಯ ಬಾಯಲ್ಲಿ ನಿಂತು, "ಅಕ್ಕಾ, ಇವತ್ತು ಸ್ವಲ್ಪ ಜಾಸ್ತೀನೇ ಹೊಡೀತಿದೆ" ಎಂದ. ನಾನು ಬಗ್ಗಿ ಮೂಸಿದೆ. ಎಲ್ಲರೆದುರು ಮೂಸಿದೆ. "ಏನೂ ಇಲ್ಲ, ಇಳಿ" ಎಂದೆ.

ಏಣಿಯ ಮಧ್ಯದಲ್ಲೇ ಅವನ ಕೈ ಬಿಟ್ಟುಹೋಯಿತು. ಸೊಂಟಕ್ಕೆ ಹಗ್ಗ ಕಟ್ಟಿದ್ದರಿಂದ ಬದುಕಿದ. ಲಾಂಡ್ರಿಯ ಹೆಂಗಸರು ಓಡಿ ಬಂದು ನನ್ನ ಜೊತೆ ಎಳೆದರು. ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಈಗ ಆಸ್ಪತ್ರೆಯಲ್ಲಿದ್ದಾನೆ, ಕಣ್ಣು ಬಿಟ್ಟಿದ್ದಾನೆ, ಇನ್ನೂ ಮಾತಾಡುತ್ತಿಲ್ಲ. ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನೀವಿದ್ದಿರಿ ಅಂತ ಉಳ್ಕೊಂಡ್ರು" ಎಂದು ಅತ್ತಳು. ಆ ಕೈಯನ್ನು ಬಿಡಿಸಿಕೊಂಡು ಬಂದುಬಿಟ್ಟೆ.

ನನ್ನ ಮೂಗು ಹೋಗಿದೆ. ಜ್ವರದಲ್ಲೇ ಹೋಗಿರಬೇಕು. ಮೊದಲು ನನಗೂ ಗೊತ್ತಾಗಲಿಲ್ಲ, ದೇವರಾಣೆಗೂ ಪಾಚಿಯದೇ ಕೆಲಸ ಅಂದುಕೊಂಡೆ. ನಿನ್ನ ಜಾಡಿಯ ಕಾಗದ ಓದಿದ ಮೇಲೆ ಸೀಮೆಎಣ್ಣೆ ಡಬ್ಬ, ಈರುಳ್ಳಿ, ಫಿನಾಯಿಲು, ಸಿಕ್ಕಿದ್ದೆಲ್ಲ ಮೂಸಿ ನೋಡಿದೆ. ಎಲ್ಲ ಒಂದೇ. ನಿನ್ನ ಭಾವನಿಗೆ ಮಾತ್ರ ಹೇಳಿದೆ, ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡೆ. ನೀನು ನನ್ನ ಮಾತನ್ನೇ ನಂಬಿ ಅಷ್ಟು ದೂರ ಹೋಗಿದ್ದೆ. ಈಗ ಇಲ್ಲ ಎಂದರೆ ನಿನ್ನ ಗತಿ ಏನು ಎನ್ನಿಸಿತು.

ಆ ಶಾಲೆಯ ಪಕ್ಕದ್ದನ್ನು ನಿಲ್ಲಿಸು. ಅಲ್ಲೂ ಗುಂಡಿ ಇರುತ್ತದೆ, ಅಲ್ಲೂ ಒಬ್ಬ ಇಳಿಯುತ್ತಾನೆ.

ಅಕ್ಕ

ಜೂನ್ 9

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಮುಖ್ಯಸ್ಥರ ಕೋಣೆಗೆ ಹೋದೆ. ವರದಿಯಲ್ಲಿ ವಾಸನೆಯ ಬಗ್ಗೆ ಇರುವುದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಹೊಸ ಘಟಕಕ್ಕೆ ಡ್ರಮ್ಮು ಬೇಕೇ ಬೇಕು ಎಂದು ಬರೆದುಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಅಳತೆ ಮಾಡದೆ ಅಕ್ಕನ ಮಾತಿನ ಮೇಲೆ ವರದಿ ಬರೆದ್ರಾ?" ಎಂದು ಕೇಳಿದರು. ಹೌದು ಸಾರ್ ಎಂದೆ. ಆಗ ಸಾಕು ಎಂದವರು ಅವರೇ. ಅದನ್ನು ಹೇಳುವಷ್ಟು ಶಕ್ತಿ ಇರಲಿಲ್ಲ, ಹೇಳಿದ್ದರೂ ಪ್ರಯೋಜನವಿರಲಿಲ್ಲ. ಅಲ್ಲಿ ಡ್ರಮ್ಮು ಕೂರಿಸುತ್ತಿದ್ದಾರೆ. ನನ್ನ ಕೆಲಸ ಈ ವರ್ಷಕ್ಕೆ ಮುಗಿಯುತ್ತದೆ. ಪಾಚಿಯ ಪ್ರಯೋಗವನ್ನು ಬೇರೆಯವರು ಮೊದಲಿನಿಂದ ಮಾಡುತ್ತಾರಂತೆ. ಪಾಚಿಯದೇನೂ ತಪ್ಪಿಲ್ಲ. ಬಿಸಿಲಿದ್ದ ದಿನ ಅದು ಮಾಡಬಹುದಾದಷ್ಟು ಮಾಡಿದೆ, ಅದು ಮಾಡದೆ ಇದ್ದದ್ದನ್ನು ನಾನು ಅದರ ಹೆಸರಿಗೆ ಬರೆದೆ.

ಇನ್ನೊಂದು ಮಾತು ಹೇಳದೆ ಈ ಕಾಗದ ಮುಗಿಸಲಾರೆ. ಆ ಜಾಡಿಯನ್ನು ಊಟದ ಮೇಜಿನ ಮೇಲೆ ತೆರೆದೆ, ಚೆನ್ನಾಗಿತ್ತು ಎಂದು ನೀನು ಬರೆದೆಯಲ್ಲ, ಅದನ್ನು ಓದುತ್ತಿದ್ದ ಹಾಗೇ ನನಗೆ ಗೊತ್ತಾಯಿತು. ಅದನ್ನು ತೆರೆದು ಅಲ್ಲಿ ನಿಲ್ಲಬಲ್ಲ ಮನುಷ್ಯರಿಲ್ಲ. ಮಾರ್ಚಿನಲ್ಲೇ ಗೊತ್ತಾಯಿತು ಅಕ್ಕಾ. ಆ ವಾರವೇ ಒಪ್ಪಿಗೆಯ ಸಭೆ ಇತ್ತು. ಸಭೆ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ಅಕ್ಕನೇ ಹೇಳಲಿ ಎಂದುಕೊಂಡೆ. ನೆಗಡಿಯಿದೆಯೇ ಎಂದು ಕೇಳಿದ್ದು ಅದಕ್ಕೇ, ನೀನು ಇಲ್ಲ ಎಂದಾಗ ನನಗೆ ಹಾಯೆನಿಸಿದ್ದೂ ಅದಕ್ಕೇ. ನಾನು ಸುಮ್ಮನಿದ್ದದ್ದು ನಿನಗಾಗಿ ಅಲ್ಲ, ನನಗಾಗಿ.

ಮೀಸೆ ಹೇಗಿದ್ದಾನೆ?

ತಮ್ಮ

ಜುಲೈ 2

ತಮ್ಮಾ,

ನಿನ್ನ ಕಾಗದ ಓದಿ ಇಷ್ಟು ದಿನ ಉತ್ತರ ಬರೆಯಲಿಲ್ಲ. ಕೋಪ ಬಂದಿತ್ತು. ಈಗಲೂ ಇದೆ. ನಿನಗೆ ಗೊತ್ತಿತ್ತು, ಗೊತ್ತಿದ್ದೂ ಮೋಡದ ಪಾಠ ಬರೆದು ಕಳಿಸಿದೆ. ಅಕ್ಕಾ, ನಿನ್ನ ಮೂಗು ಹೋಗಿದೆ, ಯಾರನ್ನೂ ಇಳಿಸಬೇಡ ಎಂದು ಒಂದು ಸಾಲು ಬರೆಯಲು ಆಗಲಿಲ್ಲವೇ? ಅದನ್ನು ಓದಿ ನಾನು ಬೈಯುತ್ತಿದ್ದೆ, ಅಳುತ್ತಿದ್ದೆ, ಆದರೆ ಅವನನ್ನು ಇಳಿಸುತ್ತಿರಲಿಲ್ಲ.

ಆದರೆ ಅಕ್ಕನಿಗಾಗಿ ಸುಮ್ಮನಿದ್ದೆ ಎಂದು ನೀನು ಸುಳ್ಳು ಹೇಳಲಿಲ್ಲ. ನಾನು ಹೇಳಿದ್ದೆ, ನಿನ್ನ ಕೆಲಸ ಉಳಿಯಲಿ ಎಂದು ಸುಮ್ಮನಿದ್ದೆ ಎಂದು. ಅದು ಅರ್ಧ ಮಾತ್ರ ನಿಜ. ಮೂಗು ಹೋಯಿತು ಎಂದರೆ ನನ್ನನ್ನು ಟ್ಯಾಂಕಿನಿಂದ ಎಬ್ಬಿಸಿ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸುತ್ತಾರೆ ಎಂಬ ಭಯ. ಇಷ್ಟು ವರ್ಷ ಎಲ್ಲರೂ ನನ್ನ ಮುಖ ನೋಡಿ ಕೆಲಸಕ್ಕೆ ಕೈ ಹಾಕುತ್ತಿದ್ದರು. ಅದನ್ನು ಬಿಡಲು ಮನಸ್ಸು ಬರಲಿಲ್ಲ. ಡಾಕ್ಟರು ನೋಡಿದರು. ಜ್ವರದಿಂದಲೋ ಈ ಗ್ಯಾಸಿನಿಂದಲೋ ಹೇಳಲಾಗದು, ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಹೇಳಲು ಡಾಕ್ಟರು ಬೇಕಿರಲಿಲ್ಲ.

ಇಲ್ಲಿನ ಘಟಕದ ಸಾಹೇಬರಿಗೆ ನಾನೇ ಹೇಳಿದೆ, ಮೀಸೆಯ ಹೆಂಡತಿಗೂ ಹೇಳಿದೆ. ಅವಳು ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಅದೇ ಸರಿ ಅನ್ನಿಸುತ್ತದೆ. ಬೇರೆ ಜನ ಸಿಗುವವರೆಗೆ ಟ್ಯಾಂಕು ನಾನೇ ನೋಡಿಕೊಳ್ಳಬೇಕಂತೆ. ಡ್ರಮ್ಮನ್ನು ಮತ್ತೆ ಜೋಡಿಸಿದ್ದೇವೆ.

ಮೀಸೆ ಇವತ್ತು ಕೆಲಸಕ್ಕೆ ಬಂದ. ಸೊರಗಿಹೋಗಿದ್ದಾನೆ, ಅಂಗಿ ಮೊಳೆಗೆ ತೂಗುಹಾಕಿದ ಹಾಗಿತ್ತು. ಗುಂಡಿ ಮತ್ತೆ ಕಟ್ಟಿಕೊಂಡು ನೀರು ಮೇಲೆ ಬರುತ್ತಿತ್ತು. ಬೇಡ ಅನ್ನುವಷ್ಟರಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಗುಂಡಿಯ ಬಾಯಲ್ಲಿ ಬಂದು ನಿಂತ. ನನ್ನ ಮುಖ ನೋಡಿದ.

"ಇಳೀಲಾ ಅಕ್ಕಾ?" ಎಂದ.

ಎಲ್ಲ ಗೊತ್ತಿದೆ ಅವನಿಗೆ. ಗೊತ್ತಿದ್ದೂ ನನ್ನನ್ನೇ ಕೇಳಿದ.

"ನನಗೆ ಗೊತ್ತಾಗಲ್ಲ ಕಣೋ. ನನ್ನ ಕೇಳ್ಬೇಡ. ನಿನಗೆ ಹೇಗಿದೆ ಹೇಳು."

ಅವನು ನನ್ನನ್ನೂ ಗುಂಡಿಯನ್ನೂ ನೋಡಿದ. ತಪ್ಪು ಹೇಳಿಬಿಟ್ಟೇನೋ ಎಂಬಂತೆ ಸಣ್ಣ ದನಿಯಲ್ಲಿ, "ನಾರ್ತಿದೆ ಅಕ್ಕಾ" ಎಂದ.

"ಹಾಗಾದ್ರೆ ಹಗ್ಗ ಬಿಚ್ಚು" ಎಂದೆ.

ಬಿಚ್ಚಿದ. ಸಾಹೇಬರು ಬಂದು ಕೂಗಾಡಿದರು, ನೀರು ರಸ್ತೆಗೆ ಹರಿಯುತ್ತಿದೆ ಎಂದರು, ಮೀಟರ್ ಬರಲು ಇನ್ನೂ ವಾರ ಬೇಕು ಎಂದರು. ವಾರ ಆಗಲಿ ಸಾರ್ ಎಂದೆ. ಈ ಕಾಗದ ಬರೆಯುವ ಹೊತ್ತಿಗೂ ಗುಂಡಿ ಹಾಗೇ ಇದೆ, ಯಾರೂ ಇಳಿದಿಲ್ಲ.

ಅಕ್ಕ